ವಾಕರಿನ ಮೇಲಿನ ಶಾವಿಗೆ

ಮೊನ್ನೆ ಕುಬಿಹಾಳದ ದೊಡ್ಡಪ್ಪನ ಮನೆಗೆ ಹೋದಾಗ ಅಂಗಳದ ತುಂಬ ಹಸಿ ಶಾವಿಗೆಯ ವಾಸನೆ. ಎಳೆಗಳು ಬಿಸಿಲಿಗೆ ಜೋತುಬಿದ್ದಿದ್ದವು. ಯಾವುದರ ಮೇಲೆ ಅಂತೀರಿ? ಹಿಂದೊಮ್ಮೆ ನಾನೇ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ, ಮುದುಕರು ಹಿಡಿದು ನಡೆಯುವ ವಾಕರಿನ ಮೇಲೆ. 

ನಾನು ಕಲಿತದ್ದು ಫಿಸಿಯೊಥೆರಪಿ. ಅದು ಸಾಲದೆಂದು ವಯಸ್ಸಾದವರ ನಡಿಗೆ, ಕೀಲು, ಬೇಸರ, ಬಿಡುವು ಎಲ್ಲವನ್ನೂ ಮತ್ತಷ್ಟು ವರ್ಷ ಓದಿದೆ. ಊರಿನವರಿಗೆ ಇದನ್ನು ತಿಳಿಸಿ ಹೇಳುವುದರಲ್ಲೇ ಅರ್ಧ ಆಯುಷ್ಯ ಹೋಯಿತು. "ಸೂಜಿ ಮಾಡ್ತೀಯೇನು?" ಇಲ್ಲ. "ಗುಳಗಿ ಬರೀತೀಯೇನು?" ಅದೂ ಇಲ್ಲ. ದೊಡ್ಡಪ್ಪನ ಹೆಂಡತಿ ಗಂಗವ್ವ ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿ, "ಮುದುಕ್ಯಾರಾಗೂದನ್ನೂ ಕಾಲೇಜಿನ್ಯಾಗ ಕಲಸ್ತಾರೇನ ಬೇ? ನನ್ನ ಕೇಳಿದ್ರ ನಾನ ಹೇಳ್ತಿದ್ನೆಲ್ಲ!" ಅಂದಿದ್ದಳು.

ಅದೇ ದೊಡ್ಡವ್ವ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು, ಡಾಕ್ಟರು ನಡೆಸಿ ಅಂದರು. ನಡೆಸುವುದೇ ನನ್ನ ವಿದ್ಯೆ. ವಾಕರ್ ಹೊತ್ತು ಓಡಿದೆ. "ಹಿಂದಿನ ಜನ್ಮದಾಗ ನನ್ನ ಅತ್ತಿ ಆಗಿದ್ದಿ ನೀ" ಎಂದು ಬೈಯುತ್ತಲೇ ಎದ್ದಳು, ಬೈಯುತ್ತಲೇ ದಿನದಿನಕ್ಕೆ ಮುಂದೆ ಬಂದು ತಲಬಾಗಿಲು ಮುಟ್ಟಿದಳು. ಎದುರಿನ ಕಟ್ಟೆ ನೋಡಿ ಅವಳ ಮುಖ ಅರಳಿತು. "ನಾಳೆ ಅಲ್ಲೀತನಕ ಹೋಗೂಣು. ಎಲಿ ಹಾಕ್ಕೊಂಡು ಹರಟಿ ಹೊಡೀಬೇಕು."

ಮರುದಿನ ಹೊಸ್ತಿಲು ದಾಟಿದ್ದಳು, ಅಷ್ಟೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಅವಳ ಮಗನನ್ನು ಕೂಗಿದರು. "ಏನೋ ಈರಣ್ಣಾ, ಮನಿತುಂಬ ಮಂದಿ ಇದ್ದೂ ಹಡೆದವ್ವನ್ನ ಹಿಂಗ ಬೀದಿಗಿ ಬಿಟ್ಟೀರಲ್ಲೋ?"

ನಮ್ಮಲ್ಲಿ ಹಿರಿಯರ ಸೇವೆ ಅಂದರೆ ಅವರನ್ನು ಏಳಗೊಡದಿರುವುದು. ಈರಣ್ಣ ಕೆಂಪು ಮುಖ ಮಾಡಿಕೊಂಡು ಬಂದವನೇ ತಾಯಿಯನ್ನು ಕೂಸಿನಂತೆ ಎತ್ತಿಕೊಂಡ. "ಸಾಕ್ ಮಾಡ ನಿನ್ನ ಕಾಲೇಜು. ನಾವಿನ್ನೂ ಜೀವಂತ ಅದೀವಿ" ಎಂದು ನನಗೆ ಹೇಳಿ ಒಳಗೆ ಒಯ್ದ. "ಮಗಾ ಅಂದ್ರ ಇಂಥಾವ!" ಅಂದಿತು ಕಟ್ಟೆ. ಅವನ ಹೆಗಲ ಮೇಲಿಂದ ದೊಡ್ಡವ್ವ ಇನ್ನೂ ಆ ಕಟ್ಟೆಯನ್ನೇ ನೋಡುತ್ತಿದ್ದಳು.

ಆಮೇಲೆ ಅವಳನ್ನು ಯಾರೂ ಏಳಗೊಡಲಿಲ್ಲ. ಸರತಿ ಹಚ್ಚಿ ಉಣಿಸಿದರು, ಕಾಲು ಒತ್ತಿದರು. ಬೆನ್ನಿಗೆ ಹುಣ್ಣಾದವು, ಎದೆಗೆ ಕಫ ಕಟ್ಟಿತು, ಅದರಲ್ಲೇ ಹೋದಳು. ಮಣ್ಣಿಗೆ ಬಂದವರೆಲ್ಲ ಮಕ್ಕಳ ಸೇವೆಯನ್ನು ಕೊಂಡಾಡಿದರು. ನನಗೆ ಇವತ್ತಿಗೂ ಆ ಸಿಟ್ಟು ಆರಿಲ್ಲ. ಅವರಿಗೆ ಪ್ರೀತಿ ಇರಲಿಲ್ಲ ಅನ್ನುವ ಹಾಗಾದರೂ ಇದ್ದಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿ ಸಿಗುತ್ತಿತ್ತು. ಅದೂ ಇಲ್ಲ.

ಮೊನ್ನೆ ದೊಡ್ಡವ್ವ ಮಲಗಿದ್ದ ಅದೇ ಮಂಚದ ಮೇಲೆ ಈರಣ್ಣ ಮಲಗಿದ್ದ. ಮೊಣಕಾಲಿನ ಆಪರೇಷನ್ ಆಗಿದೆ.

"ಬಾ ತಂಗಿ. ನನ್ನ ಮಗಾ ನೋಡ, ಕಾಲು ನೆಲಕ್ಕ ಹಚ್ಚಗೊಡೂದಿಲ್ಲ. ಥೇಟ್ ನನ್ನಂಗ!" ಅಂದ. ಏನು ಹೆಮ್ಮೆ ಅವನ ದನಿಯಲ್ಲಿ! ಚಾದರ ಸರಿಸಿ ನೋಡಿದೆ. ಮೀನಖಂಡ ಆಗಲೇ ಸೊರಗಿತ್ತು.

ಓದಿದ್ದನ್ನೆಲ್ಲ ಒಪ್ಪಿಸುತ್ತ ಕೂಡಲಿಲ್ಲ. ಸೀದಾ ಅಂಗಳಕ್ಕೆ ಹೋಗಿ ವಾಕರಿನ ಮೇಲಿನ ಶಾವಿಗೆ ತೆಗೆಯತೊಡಗಿದೆ. ಈರಣ್ಣನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

"ಅಯ್ಯ, ಅರೆಬರೆ ಒಣಗ್ಯಾವ, ಮುರೀತಾವು!"

"ಮುರೀಲಿ ಬಿಡ್ರಿ ವೈನಿ" ಅಂದೆ.