ಆಚೆ ದಡದಲ್ಲಿ ಯಾರಿದ್ದಾರೆ

ದುರ್ಗಾ ಹೊಸಪೇಟೆ–ಕಂಪ್ಲಿ ಬಸ್ಸಿನ ಕಂಡಕ್ಟರ್. ಆರು ದಿನ ಟಿಕೆಟ್ ಹರಿಯುತ್ತಾಳೆ, ಏಳನೆಯ ದಿನ ಚಿತ್ತವಾಡ್ಗಿಯ ತನ್ನ ಮನೆಯ ಮಹಡಿಯಲ್ಲಿ ನಮ್ಮನ್ನು ಕೊಲ್ಲುತ್ತಾಳೆ. ಗಾಬರಿಯಾಗಬೇಡಿ, ಅದು ಆಟ. ಅವಳು ಕಥೆ ನಡೆಸುತ್ತಾಳೆ. ನಾನು, ಲಿಂಗರಾಜ್, ಅವನ ಹೆಂಡತಿ ಅನ್ನಪೂರ್ಣ ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳುತ್ತೇವೆ. ಅದು ಕೈಗೂಡಿತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ಲಿಂಗರಾಜ್ ಸಂಡೂರಿನಲ್ಲಿ ಅದಿರಿನ ಲಾರಿ ತೂಗುವವನು, ಆಟದಲ್ಲಿ ಮಾತ್ರ ಮಂತ್ರವಾದಿ. ನಾನು ಕನ್ನಡಕದ ಅಂಗಡಿಯವಳು, ಆಟದಲ್ಲಿ ಕಳ್ಳಿ.

ಮೂರು ಭಾನುವಾರದಿಂದ ಆಟ ಸಪ್ಪೆ. ಆಟ ನಡೆಸುವುದು ಹೇಗೆಂದು ದುರ್ಗಾ ಇಂಟರ್ನೆಟ್ಟನ್ನೆಲ್ಲ ಜಾಲಾಡಿ ಸಲಹೆ ಕಲೆಹಾಕಿದ್ದಳು. ಅದರಂತೆ ಕಥೆಯಲ್ಲಿ ಹಿಮ ಸುರಿಸಿದಳು. ಹಿಮದಲ್ಲಿ ಏನು ಮಾಡಬೇಕೆಂದು ನಮಗೆಲ್ಲಿ ಗೊತ್ತು, ಅನ್ನಪೂರ್ಣ ಶರಬತ್ತು ಮಾಡೋಣವೆಂದಳು. ದುರ್ಗಾ ನಿಗೂಢ ಕೋಟೆ ಕಟ್ಟಿದಳು. ಹಂಪಿಯ ಪಕ್ಕದಲ್ಲೇ ಹುಟ್ಟಿದವರಿಗೆ ಹಾಳು ಕೋಟೆ ತೋರಿಸಿ ಬೆರಗುಪಡಿಸಲು ಸಾಧ್ಯವೇ? ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಬರುವ ವಾರವೂ ಹೀಗೇ ಆದರೆ ನಾನು ಬರುವುದಿಲ್ಲ ಎಂದುಬಿಟ್ಟೆ. ಮೂವರಲ್ಲಿ ಒಬ್ಬರು ಬಿಟ್ಟರೆ ಆಟ ಮುಗಿದಂತೆ. ದುರ್ಗಾಳ ಮುಖ ಸಣ್ಣದಾಯಿತು. ವಾರವಿಡೀ ಅವಳಿಗಿದ್ದ ಒಂದೇ ಸಂಭ್ರಮ ಅದು.

ಗುರುವಾರ ಬಸ್ಸಿನಲ್ಲಿ ಟಿಕೆಟ್ ಕೊಟ್ಟು ಮುಗಿಸಿ, ಮುಂದಿನ ಸೀಟಿನಲ್ಲಿದ್ದ ಭೀಮವ್ವನ ಹತ್ತಿರ ತನ್ನ ಹೊಸ ಯೋಚನೆ ತೋಡಿಕೊಂಡಳಂತೆ. ಭೀಮವ್ವ ಕಂಪ್ಲಿಯ ಗದ್ದೆಗಳಿಗೆ ನಾಟಿ ಮಾಡಲು ಹೋಗುವ ಹೆಂಗಸು. ಹೊಳೆ ತುಂಬಿದೆ, ಸೇತುವೆ ಮುಳುಗಿದೆ, ಆಚೆ ದಡಕ್ಕೆ ಹೋಗಬೇಕು, ನೀವಾದರೆ ಏನು ಮಾಡುತ್ತೀರಿ ಎಂದು ದುರ್ಗಾ ಕೇಳಿದಳು. ಮೊಸಳೆ ಎಷ್ಟು, ಸುಳಿ ಎಲ್ಲಿ ಎಂದೂ ವಿವರಿಸಿದಳು.

ಭೀಮವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಮೊಸಳಿ ಇರ್ಲಿ ಬಿಡವ್ವ. ಆಕಡಿ ದಂಡ್ಯಾಗ ಯಾರದಾರ? ಯಾರೂ ಇಲ್ಲಂದ್ರ ನಾ ಯಾಕ ದಾಟ್ಲಿ? ಮನಿಗೆ ಹೋಗಿ ಮಕ್ಕಂತೀನಿ."

ಉತ್ತರ ಬಸ್ಸಿನಲ್ಲಿತ್ತು. ಹಿಂದಿನ ಸೀಟಿನ ಮುದುಕ ಆಚೆ ದಡದಲ್ಲಿ ತನ್ನ ಎಮ್ಮೆ ಇದೆಯೆಂದ. ಕಾಲೇಜು ಹುಡುಗಿಯೊಬ್ಬಳು ತನ್ನ ಹಾಲ್ ಟಿಕೆಟ್ ಇದೆಯೆಂದಳು. ಎಮ್ಮೆ ಮೊದಲೋ ಹಾಲ್ ಟಿಕೆಟ್ ಮೊದಲೋ ಎಂದು ಬಸ್ಸು ಎರಡು ಪಕ್ಷವಾಯಿತು. ಐದು ವರ್ಷದಲ್ಲಿ ದುರ್ಗಾಳ ಜೊತೆ ಐದು ಮಾತಾಡದ ಡ್ರೈವರ್ ಉಚ್ಚೆಂಗೆಪ್ಪ, ಬಾಳೆಗಿಡ ಕಡಿದು ತೆಪ್ಪ ಕಟ್ಟಬೇಕೆಂದು ಅಪ್ಪಣೆ ಕೊಟ್ಟ. ಕಮಲಾಪುರದಲ್ಲಿ ಇಳಿಯಬೇಕಾದ ಇಬ್ಬರು ಕಂಪ್ಲಿಯಲ್ಲಿ ಇಳಿದು, ತೆಪ್ಪದ ಮೇಲೆ ಎಮ್ಮೆ ನಿಲ್ಲುತ್ತದೋ ಇಲ್ಲವೋ ಎಂದು ವಾದಿಸುತ್ತಲೇ ನಡೆದರಂತೆ.

ಭಾನುವಾರ ದುರ್ಗಾ ಹೊಳೆಯ ಬಗ್ಗೆ ಎರಡೇ ಮಾತು ಹೇಳಿ, ಆಚೆ ದಡದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಲಿಂಗರಾಜ್ ತನ್ನ ಹೆಂಡತಿಯೆಂದ. ಪಕ್ಕದಲ್ಲೇ ಕೂತಿದ್ದ ಹೆಂಡತಿ ತನ್ನ ಮಿಕ್ಸಿಯೆಂದಳು. ತಮಾಷೆಗೆಂದೇ ಬಾಯಿ ತೆರೆದ ನಾನು, ಯಾಕೋ, ನನ್ನ ತಂಗಿ ಎಂದೆ. ನನಗೆ ತಂಗಿಯೇ ಇಲ್ಲ. ಐದು ನಿಮಿಷದಲ್ಲಿ ಆ ಇಲ್ಲದ ತಂಗಿಗೆ ಎರಡು ಜಡೆ, ಒಂದು ಹೆಸರು, ನೀರಿನ ಭಯ ಎಲ್ಲ ಬಂದವು. ನನ್ನನ್ನು ಕಂಡು ಅವಳು ಹೊಳೆಗಿಳಿದಳು, ಮೊಸಳೆ ಅವಳತ್ತ ತಿರುಗಿತು. ಅಷ್ಟರಲ್ಲಿ ನಾನು ದುರ್ಗಾಳ ಮಹಡಿಯ ಮಂಚ ಹತ್ತಿ ನಿಂತಿದ್ದೆ. ಆಟದಲ್ಲಿ ನಾವು ಕಟ್ಟಿದ್ದ ತೆಪ್ಪ ಬಿಟ್ಟು ಹಾರಿದೆ, ಅವಳನ್ನು ದಡಕ್ಕೆ ನೂಕಿದೆ, ನಾನು ಬದುಕುವುದಕ್ಕೆ ದಾಳ ಎಸೆದೆ. ಒಂದು ಬಿತ್ತು. ಸತ್ತೆ.

ನಮ್ಮ ಚೀರಾಟಕ್ಕೆ ಕೆಳಮನೆಯವರು ಓಡಿಬಂದು ಏನಾಯಿತೆಂದು ಕೇಳಿದರು. ಲಿಂಗರಾಜ್ ಕಣ್ಣೊರೆಸಿಕೊಳ್ಳುತ್ತಾ, ನಾನು ತೀರಿಕೊಂಡೆನೆಂದು ನನ್ನೆದುರಿಗೇ ಹೇಳಿದ.

ನಕ್ಕು ಸುಸ್ತಾದ ಮೇಲೆ ದುರ್ಗಾ ನನ್ನ ಮುಖ ನೋಡದೆ ದಾಳಗಳನ್ನು ಎತ್ತಿಡತೊಡಗಿದಳು. ನಿನ್ನ ಪಾತ್ರ ಮುಗಿಯಿತು, ಇನ್ನು ಬರಲೇಬೇಕೆಂದಿಲ್ಲ ಎಂದಳು.

ನಾನು ಅವಳ ಕೈ ಹಿಡಿದೆ. "ಆ ಹುಡುಗಿ ಒಬ್ಬಾಕೀನ ದಂಡ್ಯಾಗ ನಿಂತಾಳ. ಆಕಿನ್ನ ಈಗ ಯಾರು ನೋಡ್ಕೊಂತಾರ? ಅದ್ನ ಹೇಳು ಮೊದ್ಲು."