ಮಾವನವರ ಹಿಂದೆ ಹಾಡಿದವನು

ಗೋಕಾಕದಲ್ಲಿ ಹಾಡುಗಳನ್ನು ಧ್ವನಿಮುದ್ರಿಸುವುದು ನನ್ನ ಉದ್ಯೋಗ. ಇದನ್ನು ಉದ್ಯೋಗವೆಂದು ಒಪ್ಪದವರು ಜಗತ್ತಿನಲ್ಲಿ ಒಬ್ಬರೇ. ನನ್ನ ಗ್ರಹಚಾರಕ್ಕೆ ಅವರು ನನ್ನ ಮಾವ. "ಅಳಿಯಾರು ಏನ್ ಮಾಡ್ತಾರ?" ಎಂದು ಯಾರಾದರೂ ಕೇಳಿದರೆ, "ಗುಂಡಿ ತಿರವ್ತಾರ" ಎಂದು ಹೇಳಿ ಮಳೆಯ ಮಾತು ತೆಗೆಯುತ್ತಾರೆ.

ಅಲ್ಲ, ಗುಂಡಿ ತಿರುವುವುದಕ್ಕೂ ಲೆಕ್ಕ ಬೇಡವೇ? ಹಾಡಿದ್ದನ್ನು ತುಸು ತಡೆದು ಮತ್ತೆ ಕೇಳಿಸುವ ಡಿಲೇ ಎಂಬುದೊಂದಿದೆ. ಆ ಮರುದನಿ ತಾಳದ ಮೇಲೇ ಬಂದು ಬೀಳಬೇಕು. ನಿಮಿಷಕ್ಕೆ ಎಂಬತ್ತು ಪೆಟ್ಟಿನ ಹಾಡಾದರೆ ನಿಮಿಷದ ಅರವತ್ತು ಸಾವಿರ ಮಿಲಿಸೆಕೆಂಡನ್ನು ಎಂಬತ್ತರಿಂದ ಭಾಗಿಸಿ. ಬಂದಷ್ಟು ತಡೆದರಾಯಿತು. ಹೆಚ್ಚುಕಡಿಮೆಯಾಯಿತೋ, ಅಕ್ಷತೆ ಬಿದ್ದ ಮೇಲೆ ಬಂದ ಬೀಗರಂತೆ ಮರುದನಿ ಎಲ್ಲರನ್ನೂ ತಳ್ಳಿಕೊಂಡು ಒಳನುಗ್ಗುತ್ತದೆ.

ಮಾವನವರು ಅಂಕಲಗಿಯ ಭಜನಾ ಮೇಳದ ಮುಂದಾಳು. ಅವರ ಹಾಡು ಧ್ವನಿಮುದ್ರಿಸುವ ಭಾಗ್ಯ ಹೋದ ತಿಂಗಳು ಬಂತು. ಗೆದ್ದರೆ ನಾನು ಉದ್ಯೋಗಸ್ಥ, ಸೋತರೆ ಆಯುಷ್ಯಪೂರ್ತಿ ಗುಂಡಿ ತಿರುವುವವ. ಆದರೆ ಭಜನೆಯ ಪದ್ಧತಿ ನಿಮಗೂ ಗೊತ್ತು: ಹೊರಡುವಾಗ ಎತ್ತಿನ ಗಾಡಿ, ಮುಟ್ಟುವಾಗ ಹಿಡಕಲ್ಲಿಗೆ ಹಾರುವ ಬಸ್ಸು. ನನ್ನ ಲೆಕ್ಕ ಎರಡನೆಯ ನುಡಿಗೇ ದಿಕ್ಕುತಪ್ಪಿತು.

"ಒಂದ ಲಯದಾಗ ಹಾಡ್ರಿ ಮಾವಾರ" ಎಂದು ಬೇಡಿಕೊಂಡೆ.

"ಭಕ್ತಿ ಬಂದ್ರ ಓಡ್ತೈತಿ. ಹಗ್ಗಾ ಹಾಕಾಕ ಅದೇನ್ ಎಮ್ಮಿ ಏನ್ರಿ?"

ತಲೆ ಕೆಟ್ಟುಹೋಯಿತು. ಎಡವಟ್ಟು ಅವರಿಗೇ ಕೇಳಲಿ ಎಂದು ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಮರುದನಿಯನ್ನು ಅದರಲ್ಲೇ ಬಿಟ್ಟೆ. ಅದೇನು ಪವಾಡವೋ! ಮಾವನವರು ಮೊದಲಿನಿಂದ ಕೊನೆತನಕ ಒಂದೇ ಲಯ ಹಿಡಿದು ಹಾಡಿದರು, ಮೇಳದವರೂ ಅವರನ್ನೇ ಅನುಸರಿಸಿದರು. ಲಯಕ್ಕೆ ಡಿಲೇ ಹೊಂದಿಸಲು ನಾನು ಹೆಣಗುತ್ತಿದ್ದರೆ, ಲಯವೇ ಬಂದು ಡಿಲೇಗೆ ಹೊಂದಿಕೊಂಡಿತ್ತು. ಕುಣಿಯಬೇಕೆನಿಸಿತು, ಮಾವನವರ ಮುಂದೆ ಹೇಗೆ ಕುಣಿಯುವುದು?

ಅವರು ಹೆಡ್‌ಫೋನ್ ತೆಗೆದು ಬಾಗಿಲಾಚೆ ಇಣುಕಿದರು. "ನನ್ನ ಹಿಂದ ಹಾಡಾಕತ್ತಿದ್ದಾಂವ ಯಾರ್ರಿ? ಪಾಪ, ಒಂದ್ ಹೆಜ್ಜಿ ಹಿಂದ ಬೀಳ್ತಾನ. ಮ್ಯಾಳದಾಗ ಒಬ್ಬನ್ನ ಬಿಟ್ಟ ಓಡಬಾರದಂತ ಅವಗ ತಡದ ತಡದ ಹಾಡಿದೆ. ಊಟಕ್ಕ ಕರೀರಿ ಅವನ್ನ."

'ಅದು ನಿಮ್ಮದೇ ದನಿ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ನಾ ಏನಂತೇನಿ ಅದನ್ನ ಅಂತಾನ. ಒಂದ್ ಮಾತ್ ಹೆಚ್ಚಿಲ್ಲ, ಕಡಿಮಿ ಇಲ್ಲ. ಇಂಥಾಂವ ನಮಗ ಅಳಿಯ ಆಗಬೇಕಿತ್ ನೋಡ್ರಿ!"

ತೆರೆದ ಬಾಯಿ ಮುಚ್ಚಿದೆ. ಸರಿಯಾಗಿ ಒಂದು ಪೆಟ್ಟು ಕಾದೆ.

"ಅಳಿಯ ಆಗಬೇಕಿತ್ ನೋಡ್ರಿ" ಎಂದೆ.

ಮಾವನವರು ನನ್ನನ್ನು ದಿಟ್ಟಿಸಿ ನೋಡಿದರು. ಮದುವೆಯಾದಂದಿನಿಂದ ಮೊದಲ ಸಲ ನನ್ನ ಬೆನ್ನು ತಟ್ಟಿದರು.

"ಈಗ ನೋಡ್ರಿ ಅಳಿಯಾರ, ಖರೇ ಉದ್ಯೋಗ ಕಲಿಯಾಕತ್ತೀರಿ."