ಹಿಂದಿನ ಸೀಟಿನವಳು

ಬೈಕು, ಸ್ಕೂಟರುಗಳ ಸೀಟು ಹೊಲಿದು ಬದುಕುವ ಅವನಿಗೆ ಊರವರು ‘ಸೀಟಣ್ಣ’ ಎಂದು ಹೆಸರಿಟ್ಟಿದ್ದರು. ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಿದ್ದರು ಎಂದಮೇಲೆ ಅಸಲಿ ಹೆಸರನ್ನು ಹುಡುಕಿಕೊಂಡು ಹೋಗುವುದು ವ್ಯರ್ಥ. ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಫೋಮ್ ಕೊಯ್ಯುವ ಉದ್ದನೆಯ ಚಾಕು, ಯಾರು ಕೂತರೂ ಕಿರುಗುಟ್ಟುವ ಒಂದು ಬೆಂಚು. ಹಳೆಯ ಹೊದಿಕೆ ಕಿತ್ತು ಫೋಮಿನ ಮೇಲೆ ಕೈಯಾಡಿಸಿದರೆ ಸಾಕು, ಕೂತವರ ಜಾತಕವನ್ನೇ ಹೇಳಿಬಿಡುತ್ತೇನೆ ಎಂಬ ಜಂಭ ಅವನಿಗಿತ್ತು. ಹತ್ತರಲ್ಲಿ ಆರು ಸಲ ಸರಿಯಾಗುತ್ತಿತ್ತು. ಉಳಿದದ್ದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಪ್ರತಿ ಭಾನುವಾರ ಅವನು ತನ್ನ ಹಳೆಯ ಭಾರದ ಬೈಕಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರ ಹಿಂದಿನ ಗುಡ್ಡದ ದಾರಿ ಹಿಡಿಯುತ್ತಿದ್ದ. ಜಲಾಶಯದವರೆಗೂ ಬರೀ ತಿರುವುಗಳು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮಾತು ಕಡಿಮೆ. ಅವಳ ಪಾಲಿನ ಮಾತನ್ನೂ ಇವನೇ ಆಡಿ ಮುಗಿಸುತ್ತಿದ್ದ. “ನನ್ನ ಹೆಂಡ್ತಿ ಪುಕ್ಕಲಿ ಕಣ್ರಯ್ಯ. ತಿರುವು ಬಂದ್ರೆ ಸಾಕು, ತೊಡೆಯಲ್ಲಿ ಅದುಮಿ ಹಿಡ್ಕೊಂಡ್ಬಿಡ್ತಾಳೆ. ಅವಳ ಸೀಟಿನ ಫೋಮ್ ನೋಡಿ, ನಡುವೆ ಹೊಸದರ ಹಾಗಿದೆ, ಎರಡೂ ಅಂಚು ಸತ್ತುಹೋಗಿದೆ. ಹೆದರಿ ಹೆದರಿ ಸವೆಸಿದ್ದಾಳೆ” ಎಂದು ಅವಳ ಎದುರೇ ಹೇಳುವನು. ಬೆಂಚಿನವರು ಹೊಟ್ಟೆ ಹುಣ್ಣಾಗುವಂತೆ ನಗುವರು. ಇಪ್ಪತ್ತು ವರ್ಷ ಒಂದೇ ಜೋಕನ್ನು ಸಹಿಸಿಕೊಂಡವಳನ್ನು ಪುಕ್ಕಲಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಪಕ್ಕದ ಮೆಕ್ಯಾನಿಕ್ಕಿನ ಶೆಡ್ಡಿಗೆ ಒಂದು ಪುಟ್ಟ ಸ್ಪೋರ್ಟ್ಸ್ ಬೈಕು ಮಾರಾಟಕ್ಕೆ ಬಂದಾಗ ಸೀಟಣ್ಣನ ಮನಸ್ಸು ಜಾರಿತು. ಆಗಲೇ ಐವತ್ತು ದಾಟಿತ್ತು. ಹಳೆಯ ಬೈಕನ್ನು ಸ್ಟ್ಯಾಂಡಿಗೆ ಎಳೆಯುವಾಗ ಮೊಣಕಾಲು ಅದನ್ನು ನೆನಪು ಮಾಡಿಕೊಡುತ್ತಿತ್ತು. ಇದೋ ಹಗುರ, ಗಿಡ್ಡ, ಬೆರಳಲ್ಲಿ ತಳ್ಳಿದರೂ ಮಾತು ಕೇಳುವಂಥದ್ದು. ಕಾಲು ಗಟ್ಟಿಯಿರುವಾಗಲೇ ಆ ತಿರುವುಗಳಲ್ಲಿ ಇಂಥದ್ದನ್ನು ಓಡಿಸಬೇಕು ಎಂಬ ಆಸೆಗೆ ನಿದ್ದೆಗೆಟ್ಟ. ಇದ್ದ ತೊಡಕು ಒಂದೇ. ಹಿಂದಿನ ಸೀಟು ಅಂಗೈಯಗಲ, ಅದೂ ಅಟ್ಟದ ಮೇಲಿಟ್ಟಂತೆ ಎತ್ತರದಲ್ಲಿ. ಸೀಟು ಹೊಲಿಯುವವನೇ ನೋಡಿ ಕೈಚೆಲ್ಲಿದ.

“ನೀನು ಹಿಂದೆ ಕೂರೋಕಾಗಲ್ಲ ಕಣೇ” ಎಂದ ಮನೆಯಲ್ಲಿ.

“ಗೊತ್ತು. ತಗೊಳ್ಳಿ. ನಂಗೂ ಒಂದು ಭಾನುವಾರ ಕಾಲು ಚಾಚಿ ಕೂರೋಣ ಅನ್ಸುತ್ತೆ.”

ಅಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿದ್ದಕ್ಕೆ ಖುಷಿಪಡಬೇಕಾದವನು ಒಳಗೊಳಗೇ ನೊಂದುಕೊಂಡ. ಇವಳು ನನ್ನಿಂದ ತಪ್ಪಿಸಿಕೊಳ್ಳಲು ಕಾಯುತ್ತಿದ್ದಳೇನೋ ಅನ್ನಿಸಿತು. ಆ ಸಿಟ್ಟಿನಲ್ಲೇ ಕೊಂಡುಕೊಳ್ಳುವುದೆಂದು ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಶೆಡ್ಡಿನಲ್ಲಿ ಕೂರಿಸಿ ಓಡಿಸಿ ನೋಡಲೆಂದು ಪುಟ್ಟ ಬೈಕನ್ನು ಗುಡ್ಡಕ್ಕೆ ಹತ್ತಿಸಿದ. ಮೆಕ್ಯಾನಿಕ್ ಸ್ಕೂಟರಿನಲ್ಲಿ ಹಿಂದೆ ಬಂದ. ನೇರ ದಾರಿಯಲ್ಲಿ ಸೀಟಣ್ಣನಿಗೆ ಇಪ್ಪತ್ತೈದರ ಪ್ರಾಯ. ಮೊದಲ ತಿರುವಿನಲ್ಲೇ ಬೈಕು ಸರಿಯಾಗಿ ತಿರುಗದೆ ಹೊರಕ್ಕೆ ಸರಿದು ಅಗಲಕ್ಕೆ ಹೋಯಿತು. ಎರಡನೆಯದರಲ್ಲಿ ಇನ್ನೂ ಅಗಲಕ್ಕೆ. ಕಲ್ಲು ಕ್ವಾರಿಯ ತಿರುವಿನಲ್ಲಿ ನಡುಗೆರೆ ದಾಟಿಯೇಬಿಟ್ಟ, ಎದುರಿಗೆ ಲಾರಿ. ಬ್ರೇಕು ಹಿಡಿದು ಹೇಗೋ ಒಳಕ್ಕೆಳೆದು, ಮುಂದೆ ರಸ್ತೆಯಂಚಿನ ಜಲ್ಲಿಯ ಮೇಲೆ ನಿಲ್ಲಿಸಿದ.

ಮೆಕ್ಯಾನಿಕ್ ಬಂದು ಟೈರನ್ನು ಒದ್ದು ನೋಡಿದ. “ಗಾಳಿ ಸರಿ ಇದೆ. ನೀನು ವಾಲೋಕೆ ಯಾಕೆ ಅಷ್ಟು ತಡ ಮಾಡ್ತೀಯ? ತಿರುವು ಬಂದ್ಮೇಲೂ ಯಾರಿಗೋ ಕಾಯ್ತಿರೋ ಹಾಗೆ ಇರ್ತೀಯಲ್ಲ.”

ಸೀಟಣ್ಣ ಕಾಯುತ್ತಿದ್ದದ್ದು ನಿಜ. ಎಡ ತಿರುವಿಗೆ ಎಡ ತೊಡೆಯ ಮೇಲೆ, ಬಲ ತಿರುವಿಗೆ ಬಲ ತೊಡೆಯ ಮೇಲೆ ಬೀಳುವ ಹೆಂಡತಿಯ ಆ ಒತ್ತಡಕ್ಕೆ. ಊರೊಳಗಿನ ಸಪಾಟು ದಾರಿಯಲ್ಲಿ ಅವನು ದಿನವೂ ಒಬ್ಬನೇ ಓಡಾಡುತ್ತಿದ್ದ. ಮದುವೆಯಾದ ಮೇಲೆ ಈ ಗುಡ್ಡವನ್ನು ಮಾತ್ರ ಒಂದು ಸಲವೂ ಅವಳಿಲ್ಲದೆ ಹತ್ತಿರಲಿಲ್ಲ. ಅವಳು ಅವನ ಹೆಗಲ ಮೇಲಿಂದ ದಾರಿ ನೋಡಿ ಮೊದಲು ವಾಲುತ್ತಿದ್ದಳು, ಬೈಕು ವಾಲುತ್ತಿತ್ತು, ಇವನು ತಾನು ವಾಲಿಸಿದೆ ಎಂದುಕೊಂಡಿದ್ದ. ಅಂಚು ಸತ್ತ ಫೋಮನ್ನು ವರ್ಷವರ್ಷವೂ ಕೈಯಲ್ಲಿ ಹಿಡಿದು ತಪ್ಪು ಓದಿದ್ದ.

ವಾಪಸು ಬರುವಷ್ಟರಲ್ಲಿ ಬೆಂಚಿನ ಪಟಾಲಮ್ಮು ಶೆಡ್ಡಿಗೆ ಬಂದು ಕೂತಿತ್ತು. ಹೇಗಿತ್ತು ಸವಾರಿ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಟೈರಿನ ಮೇಲೆ ತಪ್ಪು ಹೊರಿಸಲು ಬಾಯಿ ತೆರೆದವನು ಹೆಂಡತಿಯ ಮುಖ ಕಂಡು ತಡೆದುಕೊಂಡ.

“ಕ್ವಾರಿ ಹತ್ರ ಅಗಲಕ್ಕೆ ಹೋಗಿ ಲಾರಿಗೆ ಸಿಕ್ತಿದ್ದೆ. ಇಷ್ಟು ವರ್ಷ ಗುಡ್ಡದಲ್ಲಿ ಗಾಡಿ ತಿರುಗಿಸಿದ್ದು ಇವಳು. ನಾನು ಆಕ್ಸಿಲರೇಟರ್ ಹಿಡ್ಕೊಂಡು ಕೂತಿದ್ದೆ ಅಷ್ಟೆ. ಪುಕ್ಕಲಿ ಅಂತ ಅಂದಿದ್ದೆಲ್ಲ ಸುಳ್ಳು.”

ಯಾರೂ ನಗಲಿಲ್ಲ. ಅವಳು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸುತ್ತ ಹೇಳಿದಳು:

“ಸುಳ್ಳಲ್ಲ. ಹೆದರಿಕೆ ಇತ್ತು, ಈಗಲೂ ಇದೆ. ಮದುವೆಯಾದ ಹೊಸದರಲ್ಲಿ ಕ್ವಾರಿ ಹತ್ರ ನೀವು ಹೀಗೇ ಅಗಲಕ್ಕೆ ಹೋದ್ರಿ, ನಿಮಗೆ ನೆನಪಿಲ್ಲ. ಅವತ್ತಿಂದ ನಾನೇ ಮೊದಲು ವಾಲ್ತೀನಿ.”

“ಹೆದರಿಕೆ ಇದ್ರೆ ಬರ್ತಾ ಇದ್ದಿದ್ದು ಯಾಕೆ ಮತ್ತೆ?” ಎಂದು ಕೇಳಿದ.

“ಹಿಂದೆ ಕೂತ್ರೆ ಹೆದರಿಕೆ ತಿರುವು ಮುಗಿಯೋವರೆಗೆ. ಮನೇಲಿ ಕೂತ್ರೆ ನೀವು ಬರೋವರೆಗೆ.”

“ತಗೊಳ್ಳಿ ಅಂದ್ಯಲ್ಲ.”

“ನಿಮ್ಮ ಮುಖ ನೋಡಿ ಅಂದೆ.”

ಸೀಟಣ್ಣ ಬೀಗದ ಕೈಯನ್ನು ಮೆಕ್ಯಾನಿಕ್ಕಿನ ಕೈಗಿಟ್ಟು ಬೇಡ ಎಂದ. ಆಸೆ ಸತ್ತಿರಲಿಲ್ಲ. ಆ ಪುಟ್ಟ ಬೈಕನ್ನು ಇನ್ನೊಮ್ಮೆ ನೋಡಿ ಸಂಕಟಪಟ್ಟ.

“ನನಗೋಸ್ಕರ ಬೇಡ ಅನ್ಬೇಡಿ” ಎಂದಳು ಹೆಂಡತಿ.

“ನಿನಗೋಸ್ಕರ ಅಲ್ಲ ಕಣೇ” ಎಂದ ಸೀಟಣ್ಣ. “ನಂಗೆ ತಿರುಗಿಸೋಕೆ ಬರಲ್ಲ.”